ನಡೆದ ದಿನದ ತುತ್ತು

ನಂಜನಗೂಡು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು.

“ಹುಲ್ಲಹಳ್ಳಿಯಿಂದ ದೇವಸ್ಥಾನದವರೆಗೂ ನಡ್ಕೊಂಡು ಬಂದಿದ್ದೀಯ. ನಡೆದ ದಿನ ಸ್ವಲ್ಪ ಜಾಸ್ತಿ ತಿನ್ನಿ ಅಂತ ಡಾಕ್ಟ್ರು ಹೇಳಿಲ್ವಾ, ಅವ್ವ?”

“ಸೋಮವಾರ ಉಪಾಸ ಇರ್ತೀನಿ ಅಂತ ನಂಜುಂಡನಿಗೆ ಅರಕೆ ಒತ್ತಿವ್ನಿ ಕಣ್ ಮಗ. ತಿಂದ್ರೆ ತೂಕ ಇಳಿಯಾಕಿಲ್ಲ. ಇಳೀದಿದ್ರೆ ನಿನ್ ತಮ್ಮ ರಘುಗೆ ನನ್ ಕಿಡ್ನಿ ಆಕಾಕಿಲ್ವಂತೆ.”

“ತಲೆ ತಿರುಗಿ ಬಿದ್ದೋಳ ಕಿಡ್ನಿ ತಗೋತಾರಾ? ನಂಜುಂಡ ಏನು ತಕ್ಕಡಿ ಹಿಡ್ಕೊಂಡು ಕೂತಿದ್ದಾನಾ?”

ತಾಯಿ ನಗಲಿಲ್ಲ.

“ತಿನ್ಕೊಂಡೇ ನಿಧಾನವಾಗಿ ಇಳ್ಸೋಣ, ಅವ್ವ.”

“ಅಲ್ಲೀಗಂಟ ರಘು ಇರ್ತಾನಾ?”

ಮಗಳು ಊಟದ ಡಬ್ಬಿ ತೆರೆದು, ಮುದ್ದೆ ಮುರಿದು ತಾಯಿಯ ಕೈಗಿಟ್ಟಳು. ನನ್ನ ಅಜ್ಜಿಯ ಕತೆಗಳಲ್ಲಿ ಇಂಥ ಹೊತ್ತಿಗೆ ದೇವರೇ ಮುದುಕನ ವೇಷದಲ್ಲಿ ಬರುತ್ತಿದ್ದ. ಇಲ್ಲಿ ಹುಲ್ಲಹಳ್ಳಿಯ ಬಸ್ಸು ಬಂತು. ತಾಯಿ ತುತ್ತನ್ನು ಬಾಯಿಗಿಡದೆ, ಚೆಲ್ಲಲೂ ಆರದೆ, ಮುಷ್ಟಿಯಲ್ಲೇ ಹಿಡಿದು ಹತ್ತಿದಳು.