ಮೂಲೆಯಲ್ಲಿ ಎತ್ತಿದ ಕೈ

ಒಂದೂರು. ಆ ಊರಲ್ಲೂ ಒಬ್ಬ ಶ್ರೀಮಂತ. ಆದರೆ ನೋಡಿ, ಶ್ರೀಮಂತರ ಕಥೆ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ಅವನು ಸ್ವಲ್ಪ ಪಕ್ಕಕ್ಕೆ ಕೂತಿರಲಿ, ಕರೆದಾಗ ಬರಲಿ. ಇವತ್ತಿನ ಕಥೆ ಕಬಡ್ಡಿ ಅಂಕಣದ ಮೂಲೆಯಲ್ಲಿ ನಿಲ್ಲುತ್ತಿದ್ದವನದು. ಹೆಸರು ಬೋರೇಶ.

ಕಬಡ್ಡಿ ಅಂದ ತಕ್ಷಣ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂತಿರಿ. ಒಳ್ಳೆಯದು. ಕಬಡ್ಡಿಯಲ್ಲಿ ನಿಮಗೆ ಯಾರ ಹೆಸರು ಗೊತ್ತು ಹೇಳಿ. ರೈಡರ್ ಹೆಸರು ಗೊತ್ತು. ಎದುರಿನವರ ಅಂಕಣಕ್ಕೆ ಉಸಿರು ಬಿಗಿಹಿಡಿದು ನುಗ್ಗಿ, ಒಬ್ಬನನ್ನು ಮುಟ್ಟಿ, ತೊಡೆ ತಟ್ಟಿಕೊಂಡು ವಾಪಸ್ ಬರುತ್ತಾನಲ್ಲ, ಅವನ ಹೆಸರು. ಕಾರ್ನರ್ ಹೆಸರು ಗೊತ್ತೇ? ಏಳು ಜನರಲ್ಲಿ ತೀರಾ ತುದಿಯಲ್ಲಿ, ಗೆರೆಗೆ ಅಂಟಿಕೊಂಡು, ಅರ್ಧ ಬಗ್ಗಿ ನಿಂತಿರುತ್ತಾನೆ. ಬಂದವನ ಪಾದ ಹಿಡಿದು ಕೆಡವುವುದು ಅವನ ಕೆಲಸ. ಹತ್ತು ಸಲ ಹಿಡಿದರೆ ಅದಕ್ಕೇ ತಾನೇ ನಿಲ್ಲಿಸಿರುವುದು ಅನ್ನುತ್ತೀರಿ. ಒಂದು ಸಲ ಬಿಟ್ಟರೆ ಸೋತದ್ದೇ ಅವನಿಂದ ಅನ್ನುತ್ತೀರಿ. ಅನ್ನುವುದಿಲ್ಲವೇ? ಅನ್ನುತ್ತೀರಿ.

ಬೋರೇಶ ಹದಿನೇಳನೇ ವಯಸ್ಸಿಗೆ ಎಡಗಡೆಯ ಕಾರ್ನರ್‌ಗೆ ನಿಂತ. ಮೂವತ್ತನಾಲ್ಕರವರೆಗೆ ಅಲ್ಲೇ ನಿಂತ. ಹದಿನೇಳು ವರ್ಷ ಊರೂರಿನ ಮಣ್ಣು ತಿಂದ. ಬಲಗೈಯ ಎರಡು ಬೆರಳು ಮಡಚುವುದನ್ನೇ ಮರೆತಿದ್ದವು. ಮುದ್ದೆ ಮುರಿದರೆ ಅರ್ಧ ತಟ್ಟೆಗೇ ಬೀಳುತ್ತಿತ್ತು. ಹೆಂಡತಿ ಶಿವನಂಜಿ ನೋಡಿ ನಗುತ್ತಿದ್ದಳು. "ಊರೂರಿನವ್ರ ಕಾಲ್ ಹಿಡ್ದು ಹಿಡ್ದು ಕೈ ಹಿಂಗಾಯ್ತು. ಹೊಸಲು ಎಡವಿ ನನ್ ಕಾಲು ಊದ್ಕಂಡಾಗ ಒಂದ್ ದಿನಾರ ಹಿಡುದ್ರ ನೀವು?"

"ನೀನೆಲ್ಲಿ ಗೆರೆ ದಾಟಿ ಓಡೀಯೆ," ಅನ್ನುತ್ತಿದ್ದ ಅವನು.

ಆ ಸೀಮೆಯ ಆಟಗಾರರಲ್ಲಿ ಒಂದು ಪದ್ಧತಿ ಇತ್ತು. ಯಾವ ಪುಸ್ತಕದಲ್ಲೂ ಬರೆದಿಲ್ಲ. ರೈಡರ್ ಮುಟ್ಟಿದ್ದು ಅಂಪೈರ್ ಕಣ್ಣಿಗೆ ಬೀಳದಿದ್ದರೆ, ಮುಟ್ಟಿಸಿಕೊಂಡವನೇ ಕೈ ಎತ್ತಬೇಕು, ಎತ್ತಿ ಹೊರಗೆ ನಡೆಯಬೇಕು. ಯಾಕೆ? ಮುಟ್ಟಿದ್ದು ಮೊದಲು ಗೊತ್ತಾಗುವುದು ಯಾರ ಕಣ್ಣಿಗೂ ಅಲ್ಲ, ಅವನ ಚರ್ಮಕ್ಕೆ. ಈಗಿನವರು ಇದನ್ನು ಬಿಟ್ಟಿದ್ದರು. ಬೋರೇಶ ಬಿಟ್ಟಿರಲಿಲ್ಲ. ಅವನು ಕೈ ಎತ್ತಿದಾಗಲೆಲ್ಲ ಊರು ಚಪ್ಪಾಳೆ ಹೊಡೆಯುತ್ತಿತ್ತು. "ನಮ್ ಹುಡ್ಗ ಬೆಂಕಿ ಕಣ್ರಯ್ಯ, ಸುಳ್ಳು ಅಂಟಾಕಿಲ್ಲ" ಅನ್ನುತ್ತಿತ್ತು. ಯಾಕೆ ಅನ್ನುತ್ತಿತ್ತು? ನೋಡಿ, ಇಲ್ಲಿ ಸ್ವಲ್ಪ ನಿಲ್ಲಿ. ಆ ಆಟಗಳಲ್ಲೆಲ್ಲ ಊರು ಹೇಗೂ ಗೆಲ್ಲುತ್ತಿತ್ತು. ಗೆಲ್ಲುವಾಗ ಸತ್ಯವಂತನನ್ನು ಹೊಗಳುವುದಕ್ಕೆ ಏನು ಖರ್ಚು?

ಈಗ ಶ್ರೀಮಂತನನ್ನು ಕರೆಯೋಣ. ಮಂಚೇಗೌಡರು. ಊರಿನ ಹೈಸ್ಕೂಲು ಅವರದೇ, ತಂಡದ ಬನಿಯನ್, ವ್ಯಾನು ಎಲ್ಲ ಅವರದೇ. ಮೂವತ್ತನಾಲ್ಕರ ಆ ವರ್ಷ ಬೋರೇಶನ ಎಡಮಂಡಿ ಮುಗಿದಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದ. ಇನ್ನೊಂದು ವರ್ಷ ಆಡಿದರೆ ಊರುಗೋಲೇ ಗತಿ ಎಂದು ಡಾಕ್ಟರು ಹೇಳಿಯಾಗಿತ್ತು. ಆಟ ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಮಂಚೇಗೌಡರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. "ಇದೊಂದ್ ಶೀಲ್ಡ್ ತಂದ್ಬುಡು ಬೋರೇಶ. ಜೂನ್‌ನಿಂದ ನಮ್ ಸ್ಕೂಲಿಗೆ ನೀನೇ ಕೋಚು. ಜೀವ್ನ ಪೂರ್ತಿ ನೆರಳಲ್ಲಿ ಕೂತ್ಕಂಡು ವಿಶಲ್ ಊದು."

ಆ ಮಾತು ಕೇಳಿದ ದಿನದಿಂದ ಶಿವನಂಜಿ ನಗುವುದು ಹೆಚ್ಚಾಯಿತು.

ಫೈನಲ್ ಬಂತು. ಎರಡೂ ಕಡೆ ಪಾಯಿಂಟ್ ಸಮ ಸಮ. ಕೊನೆಯ ರೈಡು ಎದುರಿನವರದು. ಬಂದವನು ಬಲಗಡೆ ನೋಡುತ್ತಾ ಬಂದ. ಬೋರೇಶ ಮುಖ ನೋಡುವವನಲ್ಲ, ಪಾದ ನೋಡುವವನು. ಪಾದ ಬೋರೇಶನಿದ್ದ ಎಡಮೂಲೆಗೆ ತಿರುಗಿತು. ಇವನು ಹಿಡಿಯಲು ಹಾರಿದ. ಮಂಡಿ ಕೈಕೊಟ್ಟಿತು, ಹಿಡಿತ ಗಾಳಿಗೆ ಹೋಯಿತು, ರೈಡರ್ ತಪ್ಪಿಸಿಕೊಂಡು ಹಿಂದಕ್ಕೆ ಜಿಗಿದ. ಜಿಗಿಯುವಾಗ ಅವನ ಹೆಬ್ಬೆರಳ ಉಗುರು ಬೋರೇಶನ ಹಿಮ್ಮಡಿಗೆ ತಾಗಿತು. ಇರುವೆ ಹರಿದಷ್ಟು. ಅಷ್ಟೇ.

ಅಂಪೈರ್ ನೋಡಲಿಲ್ಲ, ಖಾಲಿ ರೈಡು ಎಂದು ಕೈ ಆಡಿಸಿದರು. ಮುಟ್ಟಿದ ರೈಡರ್‌ಗೇ ಗೊತ್ತಾಗಲಿಲ್ಲ, ತಲೆ ತಗ್ಗಿಸಿಕೊಂಡು ವಾಪಸ್ ಹೋಗುತ್ತಿದ್ದ. ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಸುಮ್ಮನೆ ಎದ್ದು ಮಣ್ಣು ಕೊಡವಿಕೊಂಡರೆ ಸಾಕು, ಪಾಯಿಂಟ್ ಸಮವಾಗಿಯೇ ಉಳಿದು ಆಟ ಇನ್ನೂ ಐದು ನಿಮಿಷ ಮುಂದುವರಿಯುತ್ತದೆ. ಗೆಲ್ಲಬಹುದು. ಜೂನ್, ನೆರಳು, ವಿಶಲ್.

ಬೋರೇಶ ಮಣ್ಣಿನಲ್ಲಿ ಕೂತಲ್ಲೇ ಕೈ ಎತ್ತಿದ.

ಅಂಪೈರ್ ಓಡಿ ಬಂದರು. "ಏನಪ್ಪಾ, ಪೆಟ್ಟಾಯ್ತಾ?"

"ಇಲ್ಲ ಸಾರ್. ಮುಟ್ದ."

"ಯಾರು?"

"ಅವ್ನೇ ಸಾರ್. ಹಿಮ್ಮಡಿಗೆ."

ರೈಡರ್ ತಿರುಗಿ ಬೆಪ್ಪಾಗಿ ನೋಡಿದ. "ನಂಗೇ ಗೊತ್ತಾಗ್ಲಿಲ್ಲ ಕಣಣ್ಣ," ಅಂದ.

ಒಂದು ಪಾಯಿಂಟ್. ಊರು ಸೋತಿತು. ಇಷ್ಟು ವರ್ಷ ಚಪ್ಪಾಳೆ ಹೊಡೆದ ಕೈಗಳು ಈಗ ಏನು ಮಾಡಿದವು? ಚಪ್ಪಲಿ ಎಸೆದವು. ವ್ಯಾನಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಅವನ ಜೊತೆ ಕೈಕೈ ಹಿಡಿದು ಆಡಿದವನೇ ಕಿಟಕಿ ಕಡೆ ಮುಖ ಮಾಡಿಕೊಂಡು ಹೇಳಿದ. "ಹರಿಶ್ಚಂದ್ರನ್ ಪಾರ್ಟ್ ಮಾಡಾಕೆ ನಾಟ್ಕಕ್ ಹೋಗ್ಬೇಕಿತ್ತು, ಆಟಕ್ ಯಾಕ್ ಬಂದ."

ನಗುತ್ತಿದ್ದೀರಿ. ನಗಬೇಡಿ. ಇಲ್ಲಿ ಕೂತು ಹರಿಶ್ಚಂದ್ರನ ಕಥೆ ಕೇಳಿ ಕಣ್ಣೊರೆಸಿಕೊಂಡವರು ನೀವು. ಎದುರಿಗೆ ಒಬ್ಬ ಬಂದು ನಿಂತರೆ ಬೈಗುಳಕ್ಕೆ ಅದೇ ಹೆಸರು ಬಳಸುತ್ತೀರಿ. ಸಿಟ್ಟು ಬರುವುದಿಲ್ಲವೇ ನಿಮಗೆ ನಿಮ್ಮ ಮೇಲೆ?

ಮುಂದೆ ಕೇಳಿ. ಹದಿನೈದು ದಿನ ಬಿಟ್ಟು ಮಂಚೇಗೌಡರು ಹೇಳಿಕಳಿಸಿದರು. ಕೋಚ್ ಕೆಲಸ ಇನ್ನೂ ಇದೆ. ಆದರೆ ಊರಿನವರ ಹೊಟ್ಟೆ ಉರಿ ಆರಬೇಕು. ಗುಡಿಗೆ ಬಂದು ಎಲ್ಲರ ಮುಂದೆ ತಪ್ಪುಗಾಣಿಕೆ ಹಾಕಲಿ.

ತಪ್ಪುಗಾಣಿಕೆ ನಿಮಗೆ ಗೊತ್ತು. ತಪ್ಪು ಮಾಡಿದವನು ಕಾಯಿ, ವೀಳ್ಯ, ಒಂದು ನಾಣ್ಯ ದೇವರ ಮುಂದಿಟ್ಟು, ಮಾಡಿದ್ದು ಇಂಥದ್ದು ಎಂದು ಬಾಯಿಬಿಟ್ಟು ಹೇಳಿ ಅಡ್ಡ ಬೀಳುವುದು. ಕಳ್ಳ ಹಾಕುತ್ತಾನೆ, ಮಾತಿಗೆ ತಪ್ಪಿದವನು ಹಾಕುತ್ತಾನೆ. ಈ ಊರು ಅದನ್ನು ಯಾರಿಂದ ಕೇಳಿತು? ನಿಜ ಹೇಳಿದವನಿಂದ. ದೇವರ ಎದುರಿಗೆ ನಿಂತು, ನಿಜ ಹೇಳಿದ್ದು ತಪ್ಪಾಯಿತು ಅನ್ನು ಎಂದಿತು. ಇದಕ್ಕೆ ಏನು ಹೆಸರಿಡಬೇಕು, ನೀವೇ ಹೇಳಿ.

ಶಿವನಂಜಿ ತಾನೇ ಕಾಯಿ ತೊಳೆದು ಕೊಟ್ಟಳು. "ಏನೂಂದ್ರೆ, ಒಂದ್ ಮಾತು. ಆಡ್ಬುಟ್ಟು ಬನ್ನಿ. ನಿಮ್ ಮಂಡಿ ನಂಗೆ ಗೊತ್ತಿಲ್ವಾ." ಅವಳನ್ನು ಬೈಯಬೇಡಿ. ಬೋರೇಶನೂ ಒಪ್ಪಿಕೊಂಡೇ ಹೊರಟಿದ್ದ. ದಾರಿಯುದ್ದಕ್ಕೂ 'ತಪ್ಪಾಯ್ತು, ತಪ್ಪಾಯ್ತು' ಎಂದು ನಾಲಗೆಗೆ ಅಭ್ಯಾಸ ಮಾಡಿಸುತ್ತಾ ಹೋದ.

ಗುಡಿಯಲ್ಲಿ ಊರೆಲ್ಲ ಸೇರಿತ್ತು. ಮುದುಕ ಪೂಜಾರಪ್ಪ ತಟ್ಟೆ ಈಸಿಕೊಂಡು ಪದ್ಧತಿಯಂತೆ ಕೇಳಿದ. "ಏನ್ ತಪ್ ಮಾಡ್ದೆ ಹೇಳಪ್ಪ. ದೇವ್ರಿಗೆ ಒಪ್ಪಿಸ್ತೀನಿ."

ಬೋರೇಶ ಬಾಯಿ ತೆರೆದ. "ಅವ್ನು ಮುಟ್ಟಿದ್ದ. ಮುಟ್ದ ಅಂತ ಹೇಳ್ದೆ."

"ಸರಿ. ತಪ್ಪು?"

"ಅದೇ."

ಪೂಜಾರಪ್ಪ ತನ್ನ ಕಿವಿ ಮಂದವೇನೋ ಎಂದುಕೊಂಡು ಜನರ ಕಡೆ ನೋಡಿದ. "ಇದ್ರಲ್ಲಿ ತಪ್ಪು ಯಾವ್ದ್ರಪ್ಪ? ಹೆಸ್ರಿಲ್ದೆ ನಾನೆಂಗೆ ಒಪ್ಪುಸ್ಲಿ?"

ಮಂಚೇಗೌಡರು ಕೆಮ್ಮಿದರು. "ಊರ್ ಮಾನ ಕಳ್ದ ಅನ್ನು ಪೂಜಾರಪ್ಪ. ಏನೋ ಒಂದು ಅನ್ನು, ಮುಗ್ಸು."

'ಏನೋ ಒಂದು.' ಬೋರೇಶನಿಗೆ ಆ ಮಾತು ಹಿಮ್ಮಡಿಗೆ ತಾಗಿದ ಉಗುರಿಗಿಂತ ಜೋರಾಗಿ ತಾಗಿತು. ದೇವರ ಎಡಗಡೆಯ ಗೂಡಿನಲ್ಲಿ ಒಂದು ಹಿತ್ತಾಳೆ ಶೀಲ್ಡು ಇತ್ತು, ಹನ್ನೊಂದು ವರ್ಷದ ಹಿಂದೆ ಗೆದ್ದದ್ದು. ದಿನಾ ದೇವರಿಗೆ ಕುಂಕುಮ ಇಟ್ಟ ಕೈಯಲ್ಲೇ ಅದಕ್ಕೂ ಇಡುತ್ತಿದ್ದರು. ಅವನು ಅದನ್ನೇ ನೋಡುತ್ತಾ ನಿಂತ. ಆಮೇಲೆ ಹೇಳಿದ.

"ತಪ್ಪು ಒಂದೈತೆ ಪೂಜಾರಪ್ಪ. ಇದಲ್ಲ. ಆ ಶೀಲ್ಡ್ ಗೆದ್ದಾಗ ಕೊನೇ ರೈಡಲ್ಲಿ ಎದುರ್ಗಡೆಯವ್ರ ಹುಡ್ಗ ನನ್ ಭುಜ ಮುಟ್ಟಿದ್ದ. ನಾನ್ ಕೈ ಎತ್ಲಿಲ್ಲ. ಅವ್ನು ತಾಯಾಣೆ ಇಟ್ಟು ಅತ್ತ. ನೀವೆಲ್ಲ ಅವ್ನುನ್ನ ಸುಳ್ಳಾ ಅಂದ್ರಿ, ನನ್ನ ಹೆಗಲ್ ಮೇಲೆ ಹೊತ್ಕಂಡ್ ಬಂದ್ರಿ. ಅವ್ನು ಮತ್ತೆ ಅಂಕಣಕ್ಕೇ ಇಳೀಲಿಲ್ಲ. ಅವತ್ತಿಂದ ಒಂದ್ ಸಲಾನೂ ನನ್ ಕೈ ಕೆಳಗ್ ನಿಂತಿಲ್ಲ. ಈ ಕಾಯಿ ಅದಕ್ಕೆ. ಒಪ್ಪುಸ್ಬುಡಿ."

ಪೂಜಾರಪ್ಪ ಕಾಯಿ ಕೈಗೆತ್ತಿಕೊಂಡ. "ಇದು ತಪ್ಪು," ಅಂದ. "ಇದುನ್ನ ಒಪ್ಪಿಸ್ತೀನಿ." ಕಾಯಿ ಒಡೆದ.

ಆಮೇಲೆ ಎದ್ದ ಗದ್ದಲ ಫೈನಲ್ ದಿನ ಕೂಡ ಎದ್ದಿರಲಿಲ್ಲ. ಸೋಲಿಸಿದ್ದನ್ನಾದರೂ ಕ್ಷಮಿಸುತ್ತಿದ್ದರೋ ಏನೋ, ಗೆದ್ದದ್ದನ್ನೂ ಕಿತ್ತುಕೊಂಡನಲ್ಲ. "ಮುಚ್ಚೋಗಿದ್ದುದ್ನ ಯಾಕ್ಲಾ ಕೆದುಕ್ದೆ?" ಎಂದು ಮಂಚೇಗೌಡರು ಹಲ್ಲು ಕಡಿದರು. "ನಾಳೆ ಸ್ಕೂಲ್ ಕಡೆ ಬರ್ಬೇಡ." ಕೂಗಾಡದವಳು ಶಿವನಂಜಿ ಒಬ್ಬಳೇ. ಮನೆಯ ದಾರಿಯಲ್ಲಿ ಕೇಳಿದಳು. "ಹನ್ನೊಂದ್ ವರ್ಸ ನಂಗೂ ಹೇಳ್ಲಿಲ್ವಲ್ಲ." ಅವನ ಮಂಡಿ ಸೋತಿತು, ಅವಳು ಹೆಗಲು ಕೊಟ್ಟಳು, ಇಬ್ಬರೂ ನಡೆದರು.

ಜೂನ್‌ನಲ್ಲಿ ಸ್ಕೂಲಿಗೆ ಹೊಸ ಕೋಚ್ ಬಂದ. ಮೊದಲ ದಿನದ ಮೊದಲ ಪಾಠ ಏನು ಗೊತ್ತೇ? "ಅಂಪೈರ್ ವಿಶಲ್ ಊದೋವರ್ಗೂ ಕೈ ಕೆಳಗೆ." ಬೋರೇಶ ಗೊಬ್ಬರದ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲಿಗೆ ಕೂತ. ಶೀಲ್ಡು? ಅದು ಅಲ್ಲೇ ಇದೆ. ವಾಪಸ್ ಕೊಡೋಣ ಎಂದು ಒಬ್ಬನೇ ಒಬ್ಬ ಅನ್ನಲಿಲ್ಲ. ಇವತ್ತು ಬೆಳಿಗ್ಗೆಯೂ ಅದಕ್ಕೆ ಕುಂಕುಮ ಇಟ್ಟಿದ್ದಾರೆ.

ಈಗ ನೀವೆಲ್ಲ 'ಅಯ್ಯೋ ಪಾಪ ಬೋರೇಶ' ಅನ್ನುತ್ತಿದ್ದೀರಿ. ಬೇಡ. ಅವನಿಗೆ ನಿಮ್ಮ ಪಾಪ ಬೇಕಾಗಿಲ್ಲ. ಈ ಕಥೆಯಲ್ಲಿ ನೀವು ಯಾರು ಎಂದು ಹುಡುಕಿಕೊಳ್ಳಿ. ಬೋರೇಶ ಅಂದುಕೊಂಡಿರಾ? ಅಲ್ಲ. ಮಂಚೇಗೌಡರೂ ಅಲ್ಲ, ಅಷ್ಟು ದೊಡ್ಡವರು ಇಲ್ಲಿ ಯಾರಿದ್ದೀರಿ. ನೀವು ಆ ಊರು. ಚಪ್ಪಾಳೆ ಹೊಡೆದದ್ದೂ ನೀವೇ, ಚಪ್ಪಲಿ ಎಸೆದದ್ದೂ ನೀವೇ.

ಎಸೆದಿಲ್ಲವೇ? ಮಗಳು ಪರೀಕ್ಷೆಯ ಪೇಪರ್ ವಾಪಸ್ ಒಯ್ದು, ಮಿಸ್, ಕೂಡಿಸುವಾಗ ನಾಲ್ಕು ಮಾರ್ಕ್ಸ್ ಜಾಸ್ತಿ ಹಾಕಿದ್ದೀರಿ ಎಂದು ಹೇಳಿ ಬಂದಳು. ಮನೆಯಲ್ಲಿ ಅವಳಿಗೆ ಏನು ಸಿಕ್ಕಿತು? 'ನಿನ್ನನ್ನು ಕೇಳಿದವರು ಯಾರು' ಎಂದು ತಲೆಗೆ ಮೊಟಕಿದ್ದು ಯಾರು? ಬಸ್ಸು ಸ್ಕೂಟರ್‌ಗೆ ತಾಗಿತು, ಡ್ರೈವರ್ ನಿಲ್ಲಿಸಿ ಇಳಿಯಲು ಹೋದ. 'ನಡೀರಿ ಸ್ವಾಮಿ, ಯಾರೂ ನೋಡಿಲ್ಲ, ಲೇಟಾಗುತ್ತೆ' ಎಂದು ಹಿಂದಿನ ಸೀಟಿನಿಂದ ಕೂಗಿದ್ದು ಯಾರು? ಸೊಸೆ ಡಾಕ್ಟರ ಮುಂದೆ, ಬಿದ್ದದ್ದಲ್ಲ, ಹೊಡೆದದ್ದು ಎಂದಳು. ಮನೆ ಮಾನ ಕಳೆದಳು ಎಂದು ವಾರಗಟ್ಟಲೆ ಅವಳನ್ನು ಮಾತಾಡಿಸದೆ ಬಿಟ್ಟಿದ್ದು ಯಾರು? ಅವಳು ಕೊನೆಗೆ ಬಂದು ತಪ್ಪಾಯಿತು ಅತ್ತೆ ಅಂದಳಲ್ಲ, ಅದು ತಪ್ಪುಗಾಣಿಕೆ ಅಲ್ಲವೇ? ಅದನ್ನು ಈಸಿಕೊಂಡು ಸಮಾಧಾನವಾಗಿ ಇಲ್ಲಿಗೆ ಬಂದು ಕೂತಿದ್ದೀರಿ.

ಇನ್ನು ಮೇಲೆ ಸತ್ಯ ಹೇಳುತ್ತೇವೆ ಎಂದು ನನ್ನ ಮುಂದೆ ಕೈಮುಗಿಯಬೇಡಿ. ನಿಮ್ಮ ಸತ್ಯ ಆಮೇಲೆ ನೋಡೋಣ. ಮೊದಲು, ಹೇಳಿದವರನ್ನು ಬಡಿಯುವುದು ನಿಲ್ಲಿಸಿ. ಮನೆಯಲ್ಲಿ ಯಾರಾದರೂ 'ಇದು ನನ್ನಿಂದ ಆಯಿತು' ಎಂದು ಬಂದು ನಿಂತರೆ, ಬಾಯಿ ತೆರೆಯುವ ಮೊದಲು ಅವರನ್ನು ಕೂರಿಸಿ, ಕುಡಿಯಲು ನೀರು ಕೊಡಿ. ಅಂಗಡಿಯ ಆಳು ತೂಕದ ಕಲ್ಲು ಸವೆದಿದೆ ಧಣಿ ಅಂದರೆ, ಆಳನ್ನು ಬದಲಾಯಿಸಬೇಡಿ, ಕಲ್ಲನ್ನು ಬದಲಾಯಿಸಿ.

ಇವತ್ತೇ ಮಾಡುವುದು ಒಂದಿದೆ. ನಿಜ ಹೇಳಿ ನಿಮ್ಮಿಂದ ಬೈಸಿಕೊಂಡವರು ಒಬ್ಬರು ಇದ್ದೇ ಇದ್ದಾರೆ. ಮುಖ ಈಗಲೇ ನೆನಪಿಗೆ ಬಂದಿದೆ, ಅದಕ್ಕೇ ಕೆಲವರು ಕೆಳಗೆ ನೋಡುತ್ತಿದ್ದೀರಿ. ಪ್ರಸಾದ ತೆಗೆದುಕೊಂಡು ನೇರ ಅವರ ಹತ್ತಿರ ಹೋಗಿ. 'ಅವತ್ತು ನೀನು ಹೇಳಿದ್ದೇ ಸರಿ. ಬೈದದ್ದು ನನ್ನ ತಪ್ಪು.' ಇಷ್ಟೇ ಮಾತು. ಗೊಣಗಬೇಡಿ, ನಗುತ್ತಾ ತೇಲಿಸಬೇಡಿ, 'ಏನೋ ಒಂದು' ಅನ್ನಬೇಡಿ. ಬೈದಾಗ ಯಾರು ಯಾರು ಕೇಳಿಸಿಕೊಂಡಿದ್ದರೋ ಅವರೆಲ್ಲರಿಗೂ ಕೇಳಿಸುವ ಹಾಗೆ ಹೇಳಿ. ಆಮೇಲೆ ಊಟಕ್ಕೆ ಕೂತುಕೊಳ್ಳಿ.