ತಳದಲ್ಲಿದ್ದ ನಾಲ್ಕು ಹನಿ

ಆಸ್ಪತ್ರೆಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಗಾಲಿಕುರ್ಚಿಯಲ್ಲಿ ಹಸಿ ಬಾಣಂತಿ, ಕುರ್ಚಿ ಹಿಡಿದು ಅವಳ ಅಕ್ಕ. ಅಕ್ಕನ ಕೈಯಲ್ಲಿ ತುಂಬಿದ ಹಾಲಿನ ಬಾಟಲಿ.

“ನಾನು ಹಿಂಡಿಟ್ಟಿದ್ದ ಹಾಲು ಎಲ್ಲಿ?” ಬಾಣಂತಿ ಕೇಳಿದಳು.

“ತಳದಲ್ಲಿ ನಾಕೇ ಹನಿ ಇತ್ತು. ಅಮ್ಮ ಬಾಟಲಿ ತೊಳೆದುಬಿಟ್ಲು.”

“ತೊಳೆದ್ಲಾ? ಬೆಳಗಿಂದ ಜೀವ ಹಿಂಡಿ ತೆಗೆದಿದ್ದೆ ಕಣೇ!”

“ನಂದು ಇಷ್ಟೊಂದು ಇದೆಯಲ್ಲ, ಇದನ್ನೇ ಕೊಡೋಣ.”

“ನಿನ್ನ ಮಗಳು ಅಂಬೆಗಾಲಿಡ್ತಾಳೆ, ನಿನ್ನ ಹಾಲು ಅವಳ ವಯಸ್ಸಿಂದು. ನನ್ನ ಕೂಸು ದಿನ ತುಂಬೋ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೇಲಿದೆ. ಮೊದಮೊದಲ ಹಾಲಲ್ಲೇ ಪ್ರೋಟೀನ್ ಜಾಸ್ತಿ, ರೋಗ ತಡೆಯೋದೂ ಅದೇ, ಬರ್ತಾ ಬರ್ತಾ ಕಡಿಮೆಯಾಗುತ್ತೆ ಅಂತ ಡಾಕ್ಟರ್ ನಿಮ್ಮಿಬ್ಬರ ಮುಂದೇನೇ ಹೇಳಲಿಲ್ವಾ?”

“ಹೇಳಿದ್ರು. ಅಷ್ಟೇ ಅಷ್ಟನ್ನ ನರ್ಸ್ ಕೈಗೆ ಕೊಡೋಕೆ ಅಮ್ಮಂಗೆ ನಾಚಿಕೆಯಾಯ್ತಂತೆ.”

“ಅವಳ ನಾಚಿಕೆಗಿಷ್ಟು ಬೆಂಕಿ ಹಾಕ! ಆ ಕೂಸಿನ ಹೊಟ್ಟೆ ಎಷ್ಟಿದೆ ಅಂತ ನೋಡಿದಾಳಾ?”

ಲಿಫ್ಟಿನ ಬಾಗಿಲು ತೆರೆಯಿತು.

“ಕುರ್ಚಿ ತಿರುಗಿಸು. ವಾರ್ಡಿಗೆ ಹೋಗಿ ಮತ್ತೆ ಹಿಂಡ್ತೀನಿ.”

“ಇಲ್ಲೀತನಕ ಬಂದಿದೀವಿ, ಮಗೂನ ನೋಡ್ಕೊಂಡಾದ್ರೂ...”

“ಬರಿಗೈಲಿ ಹೋಗಿ ಏನಂತ ಮುಖ ತೋರಿಸ್ಲಿ ಅದಕ್ಕೆ?”

ಅಕ್ಕ ತುಂಬಿದ ಬಾಟಲಿಯನ್ನು ಶಾಲಿನೊಳಗೆ ಮರೆಮಾಡಿಕೊಂಡು ಕುರ್ಚಿ ತಿರುಗಿಸಿದಳು.