ತಲೆಯ ಕಡೆ ನಡೆದವಳು

ಸ್ವಲ್ಪ ಹತ್ರ ಬನ್ನಿ... ಆ ಬಾಗಿಲು ಮುಂದೆ ಮಾಡಿ. ಈ ಮಾತು ಹೊಸ್ತಿಲು ದಾಟಿದ್ರೂ ನನ್ನ ಹೆಸರು ಎತ್ತಬೇಡಿ. ನಮ್ಮ ಕ್ಯಾಲನೂರಿನ ಸುನಂದಳ ವಿಷಯ. ಕೋಲಾರದ ಒಂದು ಆಸ್ಪತ್ರೇಲಿ ಆಯಾ ಆಗಿದಾಳಲ್ಲ, ಅವಳೇ.

ಹೋದ ಶ್ರಾವಣದಲ್ಲಿ ಒಂದು ರಾತ್ರಿ. ಕಡೇ ಬಸ್ಸಿಳಿದು ಆಲದಮರದ ಹತ್ರ ಬರ್ತಿದಾಳೆ... ಹಿಂದೆ ಸದ್ದು. ಕಿರ್ರ್... ಟಕ್. ಕಿರ್ರ್... ಟಕ್. ಸ್ಟ್ರೆಚರ್ ಚಕ್ರದ ಸದ್ದು, ಅದೂ ಮಣ್ಣಿನ ದಾರೀಲಿ. ಜೊತೆಗೆ ಕಬ್ಬಿಣಕ್ಕೆ ಬಳೆ ತಾಕಿದ ಹಾಗೆ, ಟಿಣ್ ಟಿಣ್. ಸುನಂದ ತಿರುಗಿ ನೋಡಲಿಲ್ಲ. ನೋಡೋ ಮುಖ ಎಲ್ಲಿತ್ತು ಅವಳಿಗೆ? ಅವತ್ತು ಸಂಜೆ ಏನು ಮಾಡಿ ಬಂದಿದ್ಲು ಕೇಳಿ.

ಅವಳ ಪಕ್ಕದ ಮನೆ ರಮ್ಯ ಕೂಡ ಅದೇ ಆಸ್ಪತ್ರೇಲಿ ಆಯಾ. ಸುನಂದಳಿಗಿಂತ ಚಿಕ್ಕೋಳು, ಆಮೇಲೆ ಸೇರಿದೋಳು. ಆದ್ರೂ ಜೀವ ಹೋಗೋ ಹಂಗಿರೋ ರೋಗಿ ಬಂದ್ರೆ ಡಾಕ್ಟರು ಕರೆಯೋದು ಅವಳನ್ನೇ. ರಮ್ಯ ತಳ್ಳಿದ್ರೆ ಹೊಟ್ಟೇಲಿರೋ ನೀರೂ ಅಲ್ಲಾಡಲ್ಲ ಅನ್ನೋರು. ಆ ಮಾತು ಕೇಳಿದಾಗೆಲ್ಲ ಸುನಂದಳ ಹೊಟ್ಟೇಲಿ ಒಣಮೆಣಸಿನಕಾಯಿ ಸುಟ್ಟಂಗೆ. ಇಬ್ಬರಿಗೂ ಕೆಲಸ ಕಲಿಸಿದ್ದು ಅಲ್ಲಿನ ಹಳೇ ಆಯಾ ಮುನಿಯಲ್ಲಮ್ಮ. ಸದಾ ಬಾಯಲ್ಲಿ ಎಲೆಅಡಿಕೆ. ಸತ್ತು ಎರಡು ವರ್ಷ ಆಯ್ತು. ರೋಗಿ ಕಾಲು ಮುಂದಿರಲಿ, ತಲೆ ನಿಮ್ಮ ಕಡೆ ಇರಲಿ, ಕಣ್ಣು ಅವನ ಮುಖದ ಮೇಲಿರಲಿ, ಒಬ್ಬಳೇ ತಳ್ಳಬೇಡಿ ಅಂತ ಸ್ಟ್ರೆಚರ್ ಕಂಬಿಗೆ ಬಳೆ ಕುಟ್ಟಿ ಕುಟ್ಟಿ ಹೇಳೋಳು.

ಆ ಸಂಜೆ ಯಲ್ದೂರಿನ ಚನ್ನರಾಯಪ್ಪನ್ನ ತಂದ್ರು. ಮಾವಿನ ತೋಪಲ್ಲಿ ಕೊಂಬೆ ಸವರೋವಾಗ ಬಿದ್ದು ಎದೆ ಜಜ್ಜಿತ್ತು. ಮೂಗಿಗೆ ಆಕ್ಸಿಜನ್ ಪೈಪು. ಸ್ಕ್ಯಾನಿಂಗಿಗೆ ಒಯ್ಯಬೇಕು. ರಮ್ಯ, ತುಂಬಿದ ಇನ್ನೊಂದು ಸಿಲಿಂಡರ್ ತರೋಕೆ, ತಳ್ಳೋಕೆ ಇನ್ನೊಬ್ಬರನ್ನ ಕರೆಯೋಕೆ ಅಂತ ಹೋಗೋವಾಗ, "ಅಕ್ಕ, ನಾನು ಬರೋಗಂಟ ಅಲ್ಲಾಡಿಸಬೇಡ" ಅಂದ್ಲು. ಅಷ್ಟೇ ಸಾಕಾಯ್ತು. ಇವಳು ನನಗೆ ಹೇಳೋದಾ? ಈ ಸಲ ಹೆಸರು ನನಗೇ ಬರಲಿ ಅಂತ ಸುನಂದ ತಳ್ಳಿಯೇಬಿಟ್ಲು.

ಅವನ ಹೆಂಡ್ತಿ ಭಾರತಮ್ಮ ಅಡ್ಡ ನಿಂತು, ಕಾಲು ಮುಂದಾಗಿ ಒಯ್ಯೋಕೆ ಇದೇನು ಹೆಣಾನಾ ದೇವುಡಾ ಅಂತ ಗೋಳಾಡಿದ್ಲು. ಆಕೆ ಬಾಯಲ್ಲೂ ಒಳ್ಳೆಯವಳಾಗೋಣ ಅಂತ ಸುನಂದ ಸ್ಟ್ರೆಚರ್ ತಿರುಗಿಸಿದ್ಲು. ಈಗ ತಲೆ ಮುಂದೆ, ಇವಳು ಕಾಲ ಕಡೆ. ಮುಖ ಕಾಣಲ್ಲ. ರೋಗಿ ಬೀಳದಂಗೆ ತಡೆಯೋ ಪಕ್ಕದ ಕಂಬೀನೂ ಎತ್ತಿಲ್ಲ.

ಇಳಿಜಾರು ಬಂತು. ಕಿರ್ರ್ ಟಕ್ ಕಿರ್ರ್ ಟಕ್... ಕೈಗೆ ನಿಲ್ಲದೆ ಓಡ್ತು. ಸುಸ್ಸ್... ಪೈಪು ಕಿತ್ತುಬಂದ ಸದ್ದು. ರೋಗಿ ಅಂಚಿಗೆ ಜಾರಿದ. ಆಮೇಲೆ...

ಸ್ಟ್ರೆಚರ್ ತಾನಾಗೇ ನಿಂತಿತು. ಟಿಣ್ ಟಿಣ್. ಕಂಬಿ ಟಕ್ಕಂತ ಮೇಲೆದ್ದಿತು. ತಲೆಯ ಕಡೆಯಿಂದ ಪಿಸುಮಾತು.

"ಮುಖ ನೋಡೇ..."

ಅಲ್ಲಿ ಯಾರೂ ಇಲ್ಲ. ಸುನಂದ ಓಡಿಹೋಗಿ ನೋಡಿದ್ರೆ ಅವನ ತುಟಿ ನೀಲಿ. ಅಷ್ಟರಲ್ಲಿ ರಮ್ಯ ಬಂದು ಪೈಪು ಸಿಕ್ಕಿಸಿದ್ಲು. ಪುಣ್ಯ, ಬದುಕಿಕೊಂಡ. ಕಣ್ಣು ಬಿಟ್ಟವನು ಕೇಳಿದ್ದು ಒಂದೇ, ನನ್ನ ತಲೆ ಹಿಡ್ಕೊಂಡಿದ್ದ ಮುದುಕಿ ಎಲ್ಲಿ ಅಂತ.

ತಲೆ ಕಡೆ ಕಂಬಿ ಮೇಲೆ ಸುಣ್ಣದ ಬೆರಳಚ್ಚು. ಇನ್ನೂ ಹಸಿ. ಸುನಂದ ಎಲೆ ಹಾಕಲ್ಲ, ರಮ್ಯನೂ ಹಾಕಲ್ಲ. ಸುಳ್ಳು ಅನ್ನಬೇಡಿ, ಅದನ್ನ ಒರೆಸಿದ್ದು ಅದೇ ಆಸ್ಪತ್ರೇಲಿ ಕೆಲಸಕ್ಕಿರೋ ನನ್ನ ತಂಗಿ ಸೊಸೇನೇ.

ರಾತ್ರಿ ಆಲದಮರ ದಾಟಿ ಓಡೋಡಿ ಮನೆಗೆ ಬಂದ್ರೆ, ರಮ್ಯ ಮುಂಚೇನೇ ಬಂದು ಪಕ್ಕದ ಜಗಲಿ ಮೇಲೆ ಕೂತಿದಾಳೆ. ಅಂಥ ಭಯದಲ್ಲೂ ಹೊಟ್ಟೆಕಿಚ್ಚು ಸುಮ್ಮನಿರುತ್ತಾ? ಮುನಿಯಲ್ಲಮ್ಮ ನನ್ನ ಜೊತೆ ನಡೆದ್ಲು ಕಣೇ, ನಿನ್ನ ಜೊತೆ ಯಾವತ್ತಾದ್ರೂ ಬಂದಿದಾಳಾ ಅಂತ ಕೇಳಿದ್ಲು ಸುನಂದ.

ರಮ್ಯ ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಅಂದ್ಲಂತೆ:

"ಇಲ್ಲಕ್ಕ. ನನ್ನ ಜೊತೆ ಬರೋ ಕಷ್ಟ ಅವಳಿಗೆ ಇನ್ನೂ ಬಂದಿಲ್ಲ."